ಹೃದ್ರೋಗಿಯ ಔಷಧವೂ ಶ್ರಾವಕನ ವ್ರತವೂ

ಗುಬ್ಬಿಯಲ್ಲಿ ಅಡಿಕೆ ವ್ಯಾಪಾರ ನಡೆಸುತ್ತಿದ್ದ ಹಿರಿಯ ಶ್ರಾವಕರೊಬ್ಬರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಹೃದಯಾಘಾತವಾಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳಿದ ಮೇಲೆ ಅವರ ಊಟದ ಮಣೆಯ ಬಳಿ ಎರಡು ಬಗೆಯ ಔಷಧಗಳು ಸೇರಿಕೊಂಡವು. ಒಂದು ವೈದ್ಯರು ಬರೆದುಕೊಟ್ಟದ್ದು, ಇನ್ನೊಂದು ಬಂಧುಗಳು ತಂದುಕೊಟ್ಟದ್ದು. ಹೃದಯಕ್ಕೆ ಮೀನೆಣ್ಣೆಗಿಂತ ಹಿತವಾದುದು ಬೇರಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ಕುಣಿಗಲಿನ ಅಳಿಯಂದಿರು ಕ್ಯಾಪ್ಸೂಲ್‌ಗಳ ದೊಡ್ಡ ಡಬ್ಬಿಯನ್ನೇ ತಂದಿದ್ದರು. ಮಾವನವರು ಮುಟ್ಟಲಾರರೆಂಬುದು ಎಲ್ಲರಿಗೂ ತಿಳಿದಿದ್ದುದರಿಂದ ಅವನ್ನು ಹೆಸರಿಲ್ಲದ ಸೀಸೆಗೆ ತುಂಬಿಸಿ, ಅಗಸೆ ಎಣ್ಣೆಯೆಂದು ಹೇಳಿ ಕೊಡಲಾಯಿತು.

ಒಂದು ತಿಂಗಳ ಮೇಲೆ ಮೊಮ್ಮಗನ ಬಾಯಿಂದ ನಿಜ ಹೊರಬಿತ್ತು. ಹಿರಿಯರು ಯಾರನ್ನೂ ಗದರಲಿಲ್ಲ. ಆದರೆ ಅಂದಿನಿಂದ ಕ್ಯಾಪ್ಸೂಲಿನ ರೂಪದಲ್ಲಿದ್ದ ಎಲ್ಲವನ್ನೂ ಸದ್ದಿಲ್ಲದೆ ಬದಿಗಿಟ್ಟರು. ವೈದ್ಯರು ಬರೆದಿದ್ದ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮತ್ತು ಅಟೊರ್ವಾಸ್ಟಾಟಿನ್ ಎಂಬ ಮೂರು ಔಷಧಗಳು ಒಂದೇ ಕ್ಯಾಪ್ಸೂಲಿನಲ್ಲಿದ್ದುದರಿಂದ ಅದೂ ನಿಂತಿತು. ಒಂಬತ್ತನೆಯ ದಿನ ಸೊಸೆ ಔಷಧದ ಪಟ್ಟಿಗಳನ್ನು ಎಣಿಸಿದಾಗ ಸಂಗತಿ ಬೆಳಕಿಗೆ ಬಂತು. “ಅಪ್ಪಾಜಿ, ನಿಮ್ಮ ಜೀವ ಉಳಿಯಲೆಂದೇ ಮಾಡಿದೆವು” ಎಂದು ತುಮಕೂರಿನಿಂದ ಓಡಿಬಂದ ಮಗ ಹೇಳಿದನು. “ಜೀವ ಉಳಿಸಲು ಸುಳ್ಳು ಏಕೆ ಬೇಕಾಯಿತಪ್ಪಾ? ನನಗೆ ಹೇಳಿದ್ದರೆ ವೈದ್ಯರನ್ನೇ ಕೇಳಬಹುದಿತ್ತಲ್ಲ” ಎಂದು ಅವರು ಕೇಳಿದರು.

ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಎರವಾಗಬಹುದು. ಆ ಒಂಬತ್ತು ದಿನಗಳು ಅನಾಹುತವಿಲ್ಲದೆ ಕಳೆದವು. ಅನಂತರ ತುಮಕೂರಿನ ವೈದ್ಯರೊಬ್ಬರು ಎಲ್ಲವನ್ನೂ ಕೇಳಿ, ಅದೇ ಮೂರು ಔಷಧಗಳನ್ನು ಬಿಡಿ ಬಿಡಿ ಮಾತ್ರೆಗಳಾಗಿ ಬರೆದುಕೊಟ್ಟರು. ಇಷ್ಟು ಸುಲಭವಾದ ಪರಿಹಾರವಿದ್ದುದನ್ನು ಯಾರೂ ಕೇಳಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಮೀನೆಣ್ಣೆಯ ವಿಷಯ ಬಂದಾಗ ವೈದ್ಯರು ನಕ್ಕು, ಅದರ ಅಗತ್ಯವೇ ಇಲ್ಲವೆಂದರು.

ಆ ಮಾತಿಗೆ ಬಲವಾದ ಆಧಾರವಿದೆ. 2018ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶಗಳು ಪ್ರಕಟವಾದವು. ಅಮೆರಿಕದ ‘ವೈಟಲ್’ ಪ್ರಯೋಗದಲ್ಲಿ 25,871 ಮಂದಿಯೂ, ಬ್ರಿಟನ್ನಿನ ‘ಅಸೆಂಡ್’ ಪ್ರಯೋಗದಲ್ಲಿ 15,480 ಮಂದಿ ಮಧುಮೇಹಿಗಳೂ ಭಾಗವಹಿಸಿದ್ದರು. ದಿನಕ್ಕೆ ಒಂದು ಗ್ರಾಂ ಮೀನೆಣ್ಣೆಯ ಕ್ಯಾಪ್ಸೂಲನ್ನು ವರ್ಷಗಟ್ಟಲೆ ಸೇವಿಸಿದವರಿಗೂ ಹುಸಿ ಗುಳಿಗೆ ಸೇವಿಸಿದವರಿಗೂ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಒಟ್ಟು ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿದ್ದವರಿಗೆ ದಿನಕ್ಕೆ ನಾಲ್ಕು ಗ್ರಾಂನಂತೆ ಕೊಟ್ಟ ಶುದ್ಧೀಕೃತ ಔಷಧವೊಂದರಿಂದ ಪ್ರಯೋಜನ ಕಂಡುಬಂದುದು ನಿಜ. ಆದರೆ ಅದು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧವೇ ಹೊರತು ಅಂಗಡಿಯಲ್ಲಿ ದೊರೆಯುವ ಡಬ್ಬಿಯಲ್ಲ. ಹೆಚ್ಚಿನ ಪ್ರಮಾಣದ ಮೀನೆಣ್ಣೆಯಿಂದ ಕೆಲವರಲ್ಲಿ ಹೃದಯದ ಬಡಿತ ಲಯ ತಪ್ಪುವುದೂ ದಾಖಲಾಗಿದೆ. ಹೀಗಿರುವಾಗ ಗುಬ್ಬಿಯ ಆ ಮನೆಯಲ್ಲಿ ವ್ರತಭಂಗವೂ ಅಸತ್ಯವೂ ನಡೆದದ್ದು ಯಾವ ಲಾಭಕ್ಕಾಗಿ?

ಇತರ ಪೂರಕಗಳ ಕಥೆಯೂ ಹೆಚ್ಚು ಬೇರೆಯಲ್ಲ. ಇ ಜೀವಸತ್ವ ಹೃದಯವನ್ನು ಕಾಯುವುದಿಲ್ಲವೆಂದು 2000ದಲ್ಲೇ ಪ್ರಕಟವಾದ ‘ಹೋಪ್’ ಪ್ರಯೋಗ ತೋರಿಸಿತು. ಡಿ ಜೀವಸತ್ವವನ್ನೂ ವೈಟಲ್ ಪ್ರಯೋಗದಲ್ಲಿ ಪರೀಕ್ಷಿಸಲಾಗಿತ್ತು. ಹೃದಯದ ಮಟ್ಟಿಗೆ ಅದರಿಂದಲೂ ಲಾಭ ಕಾಣಲಿಲ್ಲ. ಕೊರತೆಯಿದ್ದು ಮೂಳೆಗಳಿಗಾಗಿ ಅದನ್ನು ತೆಗೆದುಕೊಳ್ಳಬೇಕಾದವರು ಮೆತ್ತನೆಯ ಕ್ಯಾಪ್ಸೂಲಿನ ಬದಲು ಪುಡಿಯ ಪೊಟ್ಟಣವನ್ನೋ ಮಾತ್ರೆಯನ್ನೋ ಕೇಳಿ ಪಡೆಯಬಹುದು. ಬೆಳ್ಳುಳ್ಳಿಯ ಸಾರದ ಗುಳಿಗೆಗಳಂತೂ ಕಂದಮೂಲ ತ್ಯಜಿಸಿದವರ ಮನೆಗೆ ಬರುವಂತೆಯೇ ಇಲ್ಲ. ರಕ್ತ ತೆಳುವಾಗಿಸುವ ಔಷಧದೊಡನೆ ಅವು ಸೇರಿದರೆ ರಕ್ತಸ್ರಾವದ ಅಪಾಯವೂ ಹೆಚ್ಚಬಹುದು.

ಒಂದು ಪೂರಕವನ್ನು ಮಾತ್ರ ಈ ಸಾಲಿಗೆ ಸೇರಿಸಲಾಗದು. ಅದು ಬಿ-12. ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ಅದು ದೊರೆಯುವುದು ದುರ್ಲಭ. ಮಧುಮೇಹಕ್ಕಾಗಿ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಅದು ಇನ್ನಷ್ಟು ಕುಗ್ಗಬಹುದು. ಬಿ-12 ಹೃದಯಾಘಾತವನ್ನು ತಡೆಯುತ್ತದೆಂದಲ್ಲ. ಅದಿಲ್ಲದೆ ರಕ್ತವೂ ನರಗಳೂ ಸೊರಗುತ್ತವೆ. ಪಾದ ಜೋಮು ಹಿಡಿಯುವುದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡುವ ಹಿರಿಯರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಈ ಜೀವಸತ್ವವನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆಯೇ ಹೊರತು ಪ್ರಾಣಿಗಳ ಅಂಗದಿಂದಲ್ಲ. ಸೂಕ್ಷ್ಮಜೀವಿಗಳ ವಿಚಾರದಲ್ಲಿಯೂ ಸಂದೇಹವುಳ್ಳವರು ತಮ್ಮ ಗುರುಗಳನ್ನು ಕೇಳಬೇಕು.

ಹೊದಿಕೆಯ ಪ್ರಶ್ನೆಗೆ ಮತ್ತೆ ಬರಬೇಕಾಗಿದೆ. ಜೆಲಾಟಿನ್ ತಯಾರಾಗುವುದು ದನ, ಹಂದಿ ಮುಂತಾದ ಪ್ರಾಣಿಗಳ ಮೂಳೆ ಮತ್ತು ಚರ್ಮಗಳಿಂದ. ಸಸ್ಯದ ನಾರಿನಿಂದ ಮಾಡಿದ ಹೊದಿಕೆಗಳೂ ಇವೆ. ಅವನ್ನೇ ಬಳಸುವಂತಾಗಬೇಕೆಂದು 2016ರಲ್ಲಿ ಆಗಿನ ಕೇಂದ್ರ ಸಚಿವೆ ಮೇನಕಾ ಗಾಂಧಿಯವರು ಆರೋಗ್ಯ ಸಚಿವಾಲಯವನ್ನು ಕೋರಿದ್ದುಂಟು. ಜೆಲಾಟಿನ್ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಪೂರಕಗಳು ಕಾನೂನಿನ ದೃಷ್ಟಿಯಲ್ಲಿ ಆಹಾರವಾದುದರಿಂದ ಅವುಗಳ ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆಯೋ ಮಾಂಸಾಹಾರದ ಕಂದು ತ್ರಿಕೋನವೋ ಇರಬೇಕು. ಔಷಧಗಳಿಗೆ ಆ ನಿಯಮವಿಲ್ಲ. ಆದುದರಿಂದ ಔಷಧದ ಪಟ್ಟಿಯಲ್ಲಿ ಗುರುತು ಹುಡುಕಿ ನಿರಾಶರಾಗುವುದಕ್ಕಿಂತ, ಚೀಟಿ ಬರೆಯುವ ಹೊತ್ತಿನಲ್ಲೇ “ಇದು ಮಾತ್ರೆಯಾಗಿ ದೊರೆಯುವುದೇ?” ಎಂದು ವೈದ್ಯರನ್ನು ಕೇಳುವುದು ಮೇಲು. ಉತ್ತರ ಸಿಗುವವರೆಗೆ ಔಷಧವನ್ನು ನಿಲ್ಲಿಸಬಾರದು.

ಎಲ್ಲ ಪ್ರಶ್ನೆಗಳಿಗೂ ಇಷ್ಟು ಸುಲಭದ ಉತ್ತರವಿಲ್ಲ. ಹೃದಯಾಘಾತದ ತುರ್ತು ಚಿಕಿತ್ಸೆಯಲ್ಲಿ ಬಳಸುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ. ಕೆಲವು ಸಂದರ್ಭಗಳಲ್ಲಿ ಫಾಂಡಾಪರಿನಕ್ಸ್ ಎಂಬ ಕೃತಕ ಔಷಧವನ್ನು ಅದರ ಬದಲಿಗೆ ಕೊಡಬಹುದಾದರೂ ಸ್ಟೆಂಟ್ ಹಾಕುವ ಹೊತ್ತಿನಲ್ಲಿ ಅದೊಂದೇ ಸಾಲದು. ಇಂಥ ಸಂಗತಿಗಳನ್ನು ಎದೆನೋವು ಬಂದ ರಾತ್ರಿ ಚರ್ಚಿಸಲು ಸಾಧ್ಯವಿಲ್ಲ. ಮನೆಮಂದಿ ಆರೋಗ್ಯವಾಗಿರುವಾಗಲೇ ಕುಳಿತು ಮಾತನಾಡಿ, ಹಿರಿಯರ ಇಚ್ಛೆಯೇನೆಂದು ತಿಳಿದುಕೊಂಡಿರಬೇಕು.

ಇನ್ನು ಅಡಿಗೆಮನೆಯ ಮಾತು. ಸಸ್ಯಾಹಾರಿಗಳಾದ ತಮಗೆ ಹೃದ್ರೋಗ ಬರದೆಂಬ ನಂಬಿಕೆ ಅನೇಕ ಶ್ರಾವಕರ ಮನೆಗಳಲ್ಲಿದೆ. ತುಪ್ಪದಲ್ಲಿ ಮಿಂದ ಹೋಳಿಗೆ, ಕರಿದ ಹಪ್ಪಳ, ಉಪ್ಪಿನಕಾಯಿ, ದಿನಕ್ಕೆರಡು ಹೊತ್ತು ಬಿಳಿಯ ಅನ್ನ, ಇವೆಲ್ಲ ಶುದ್ಧ ಸಸ್ಯಾಹಾರವೇ ಸರಿ! ತೆಂಗಿನ ಸೀಮೆಯಾದ ತುಮಕೂರು ಜಿಲ್ಲೆಯಲ್ಲಿ ಕೊಬ್ಬರಿಯನ್ನು ಬಿಡಿರೆಂದರೆ ಯಾರೂ ಕೇಳರು, ಬಿಡಬೇಕಾಗಿಯೂ ಇಲ್ಲ. ಅದರ ಕೊಬ್ಬು ಬಹುಪಾಲು ಪರ್ಯಾಪ್ತ ಕೊಬ್ಬೆಂಬುದನ್ನು ನೆನಪಿಟ್ಟು ಕೈ ಹಿಡಿದು ಬಳಸಿದರಾಯಿತು. ರಾಗಿಮುದ್ದೆ, ಹುರುಳಿಕಾಳು, ಅವರೆಕಾಳು, ಸೊಪ್ಪುಗಳು ಈ ನೆಲದಲ್ಲೇ ಬೆಳೆಯುತ್ತವೆ. ಮೀನಿನಲ್ಲಿರುವ ಒಮೆಗಾ-3 ಕೊಬ್ಬಿನ ಸಸ್ಯರೂಪ ಅಗಸೆಯಲ್ಲೂ ಆಕ್ರೋಟಿನಲ್ಲೂ ಇದೆ. ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿಯನ್ನು ಗುಬ್ಬಿಯ ಸೊಸೆಯಂದಿರು ಕಲಿಯುವುದು ಕಷ್ಟವೇನಲ್ಲ.

ಹಿತಮಿತವಾದ ಆಹಾರದ ವಿಚಾರ ಜೈನರಿಗೆ ಹೊಸದಲ್ಲ. ಬಾಹ್ಯ ತಪಗಳಲ್ಲಿ ಹೊಟ್ಟೆ ತುಂಬುವುದಕ್ಕಿಂತ ಕಡಮೆ ಉಣ್ಣುವ ಅವಮೌದರ್ಯವೂ, ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳನ್ನು ತೊರೆಯುವ ರಸಪರಿತ್ಯಾಗವೂ ಸೇರಿವೆ. ಅವು ಇರುವುದು ಕರ್ಮನಿರ್ಜರೆಗಾಗಿ. ರಕ್ತದೊತ್ತಡದ ಮದ್ದೆಂದು ಅವನ್ನು ಹೊಗಳುವುದು ತಪಸ್ಸನ್ನು ಕಿರಿದಾಗಿಸಿದಂತೆ. ಆದರೂ ವಾರದಲ್ಲಿ ಒಂದು ದಿನ ಉಪ್ಪು ಬಿಟ್ಟು ಉಳಿದ ಆರು ದಿನ ಎರಡರಷ್ಟು ತಿನ್ನುವವರು ತಪದ ಅರ್ಥವನ್ನೂ ದೇಹದ ಹಿತವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ ಹೇಳಿರುವ ಮಿತಿ 5 ಗ್ರಾಂಗಿಂತ ಕಡಮೆ, ಅಂದರೆ ಹೆಚ್ಚೆಂದರೆ ಒಂದು ಚಿಕ್ಕ ಚಮಚ.

ರಾತ್ರಿಭೋಜನ ತ್ಯಾಗ ಮಾಡಿದವರು, ಅದರಲ್ಲೂ ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದವರು, ‘ರಾತ್ರಿ’ ಎಂದು ಬರೆದ ಮಾತ್ರೆಯನ್ನು ನುಂಗದೆ ಬಿಟ್ಟುಬಿಡುವುದುಂಟು. ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳನ್ನು ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದಾದುದರಿಂದ ಸಂಜೆಯ ಊಟದೊಡನೆ ಮುಗಿಸಲು ಅಡ್ಡಿಯಿಲ್ಲ. ಬೇರೆ ಮಾತ್ರೆಗಳ ಹೊತ್ತನ್ನು ಬದಲಾಯಿಸುವ ಮೊದಲು ವೈದ್ಯರನ್ನು ಕೇಳಬೇಕು. ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಗೊಳ್ಳುವ ಹೃದ್ರೋಗಿಗಳೂ ಮಧುಮೇಹಿಗಳೂ ಒಂದೆರಡು ವಾರ ಮೊದಲೇ ವೈದ್ಯರನ್ನು ಕಂಡರೆ ಮಾತ್ರೆಗಳ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು. ಬಸದಿಯ ಟ್ರಸ್ಟಿನವರು ಪರ್ವದ ಆಮಂತ್ರಣ ಪತ್ರಿಕೆಯಲ್ಲೇ ಈ ಸೂಚನೆಯನ್ನು ಅಚ್ಚು ಹಾಕಿಸಬಹುದು. ಪಾರಣೆಯ ದಿನದ ಅಡಿಗೆಗೆ ಉಪ್ಪನ್ನು ಕಡಮೆ ಹಾಕಿಸಿ, ಬೇಕಾದವರಿಗೆ ಎಲೆಯ ತುದಿಯಲ್ಲಿ ಬಡಿಸುವ ಏರ್ಪಾಡನ್ನೂ ಮಾಡಬಹುದು.