ಆಂಗಸ್ ಹೋರಿಗಳ ನಾಡಿನಲ್ಲಿ

ಸ್ಕಾಟ್ಲೆಂಡ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಹಳೆಯ ಕೋಟೆಗಳು, ಮಂಜು ಮುಸುಕಿದ ಬೆಟ್ಟಗಳು. ಆದರೆ ಆ ದೇಶದ ಈಶಾನ್ಯ ಭಾಗಕ್ಕೆ ಹೋದರೆ ಅಲ್ಲಿಯ ಜನರ ಹೆಮ್ಮೆಯೇ ಬೇರೆ ಎಂಬುದು ತಿಳಿಯುತ್ತದೆ. ಅಬರ್ಡೀನ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಸಾಗಿದರೆ ಆಲ್ಫರ್ಡ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ ನಿಮ್ಮನ್ನು ಸ್ವಾಗತಿಸುವುದು ಒಂದು ಹೋರಿಯ ಪ್ರತಿಮೆ. ಗಿಡ್ಡ ಕಾಲು, ಅಗಲ ಬೆನ್ನು, ಕೋಡಿಲ್ಲದ ಬೋಳು ತಲೆ. ಇದೇ ಜಗತ್ಪ್ರಸಿದ್ಧ ಅಬರ್ಡೀನ್-ಆಂಗಸ್ ತಳಿ.

ಈ ತಳಿ ತಾನಾಗಿ ರೂಪುಗೊಂಡದ್ದಲ್ಲ. ಆಂಗಸ್ ಪ್ರಾಂತದ ಕೀಲರ್ ಎಂಬಲ್ಲಿ ಹ್ಯೂ ವಾಟ್ಸನ್ ಎಂಬ ರೈತ 1808ರಲ್ಲಿ ಉತ್ತಮ ಕಪ್ಪು ದನಗಳನ್ನು ಆರಿಸಿ ಸಾಕತೊಡಗಿದರು. ಆಲ್ಫರ್ಡ್ ಸಮೀಪದ ಟಿಲಿಫೋರ್‌ನಲ್ಲಿ ವಿಲಿಯಂ ಮೆಕಾಂಬಿ ಆ ಕೆಲಸವನ್ನು ಮುಂದುವರಿಸಿದರು. ಸ್ಪೇ ನದಿಯ ಕಣಿವೆಯಲ್ಲಿರುವ ಬ್ಯಾಲಿಂಡಾಲಕ್ ಕೋಟೆಯ ಮೆಕ್‌ಫರ್ಸನ್-ಗ್ರಾಂಟ್ ಮನೆತನವೂ ಈ ತಳಿಯನ್ನು ಬೆಳೆಸಿತು. 1862ರಲ್ಲಿ ದನಗಳ ವಂಶಾವಳಿಯ ಮೊದಲ ಪುಸ್ತಕ ಪ್ರಕಟವಾಯಿತು. 1873ರಲ್ಲಿ ನಾಲ್ಕು ಹೋರಿಗಳು ಕಡಲು ದಾಟಿ ಅಮೆರಿಕದ ಕಾನ್ಸಾಸ್ ತಲುಪಿದವು. ಇಂದು ಆ ದೇಶದ ಮಾಂಸದ ತಳಿಗಳಲ್ಲಿ ಅತಿ ಹೆಚ್ಚು ನೋಂದಣಿಯಾಗುವುದು ಆಂಗಸ್ ತಳಿಯೇ.

ಒಂದು ಹೋರಿಗೆ ಇಷ್ಟೊಂದು ಮಹತ್ವವೇಕೆ ಎಂದು ನೀವು ಕೇಳಬಹುದು. ಹಸು ವರ್ಷಕ್ಕೆ ಒಂದು ಕರು ಹಾಕುತ್ತದೆ. ಹಿಂಡಿಗೆ ಬಿಟ್ಟ ಬೀಜದ ಹೋರಿಯಾದರೋ ಮೂವತ್ತು, ನಲವತ್ತು ಕರುಗಳ ತಂದೆಯಾಗುತ್ತದೆ. ಹೋರಿ ಕೈಕೊಟ್ಟರೆ ಹಸುಗಳು ಗಬ್ಬ ಕಟ್ಟುವುದಿಲ್ಲ, ರೈತನ ಒಂದು ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಅದರ ಕರುಗಳು ಹುಟ್ಟುವಾಗ ಅತಿ ದಪ್ಪವಿದ್ದರೆ, ಮೊದಲ ಬಾರಿ ಕರು ಹಾಕುವ ಕಡಸುಗಳ ಪ್ರಾಣಕ್ಕೇ ಕುತ್ತು.

ಇಷ್ಟಿದ್ದರೂ ಬಹುಕಾಲ ಜನರು ಹೋರಿಯನ್ನು ಕೊಂಡದ್ದು ಮೈ ನೋಡಿಯೇ. ಪರ್ತ್ ಪಟ್ಟಣದ ಹೋರಿ ಸಂತೆ ಆಗ ಲೋಕವಿಖ್ಯಾತವಾಗಿತ್ತು. 1963ರಲ್ಲಿ ಅಲ್ಲಿ 'ಲಿಂಡರ್ಟಿಸ್ ಇವಲ್ಸ್' ಎಂಬ ಹೋರಿ 60,000 ಗಿನಿಗೆ ಹರಾಜಾಯಿತು. ಅಂದರೆ 63,000 ಪೌಂಡು! ಕೊಂಡವರು ಅಮೆರಿಕದವರು. ನೋಡಿದವರೆಲ್ಲ ಹೊಗಳಿದ ಆ ಹೋರಿ ಸಂತಾನಶಕ್ತಿಯೇ ಇಲ್ಲದ್ದೆಂದು ಆಮೇಲೆ ಗೊತ್ತಾಯಿತು. ಕಣ್ಣಿಗೆ ಕಂಡ ಅಂದಕ್ಕೆ ತೆತ್ತ ಬೆಲೆ ಅದು.

ಆ ಕಾಲದ ಇನ್ನೊಂದು ಗೀಳು ಗಿಡ್ಡ ಹೋರಿಗಳದ್ದು. ಪ್ರದರ್ಶನಗಳಲ್ಲಿ ಕುಳ್ಳಗೆ, ದುಂಡಗೆ ಇದ್ದುದಕ್ಕೇ ಬಹುಮಾನ. ಪೀಳಿಗೆಯಿಂದ ಪೀಳಿಗೆಗೆ ದನಗಳು ಚಿಕ್ಕದಾಗುತ್ತ ಹೋದವು. ಯುರೋಪಿನಿಂದ ಶಾರೊಲೆಯಂತಹ ದೊಡ್ಡ ತಳಿಗಳು ಬಂದಾಗ ಆಂಗಸ್ ತನ್ನ ತವರಿನಲ್ಲೇ ಹಿಂದೆ ಬಿತ್ತು. ಮುಂದೆ ಕೆನಡಾದಲ್ಲಿ ಬೆಳೆದ ಎತ್ತರದ ಆಂಗಸ್‌ಗಳನ್ನು ತರಿಸಿಕೊಂಡು ತಳಿಯನ್ನು ಸರಿಪಡಿಸಬೇಕಾಯಿತು.

ಇಂದು ಸಂತೆ ಪರ್ತ್‌ನಲ್ಲಿಲ್ಲ. 2009ರಲ್ಲಿ ಅದು ಸ್ಟರ್ಲಿಂಗ್ ಪಟ್ಟಣಕ್ಕೆ ಸ್ಥಳಾಂತರವಾಯಿತು. ಫೆಬ್ರವರಿಯ ಚಳಿಯಲ್ಲಿ ನೀವು ಅಲ್ಲಿಗೆ ಹೋದರೆ, ಮೈ ತೊಳೆದು, ಕೂದಲು ಬಾಚಿ ನಿಲ್ಲಿಸಿದ ಹೋರಿಗಳನ್ನು ಕಾಣಬಹುದು. ಬೆಲೆ ಕೂಗುವುದು ಈಗಲೂ ಗಿನಿಯಲ್ಲೇ. ಆದರೆ ಖರೀದಿದಾರರ ಕೈಯಲ್ಲಿರುವ ಪಟ್ಟಿಯನ್ನು ಗಮನಿಸಿ. ಅದರಲ್ಲಿ ಹೋರಿಯ ಹೆಸರು, ವಂಶದ ಜೊತೆಗೆ ಅಂಕಿಗಳ ಸಾಲೇ ಇರುತ್ತದೆ.

ಕರು ಹುಟ್ಟಿದಾಗ ತೂಗುತ್ತಾರೆ. 200 ದಿನಕ್ಕೆ, 400 ದಿನಕ್ಕೆ ಮತ್ತೆ ತೂಗುತ್ತಾರೆ. ಹೋಲಿಸುವುದು ಒಂದೇ ಹಿಂಡಿನಲ್ಲಿ, ಒಂದೇ ಕಾಲದಲ್ಲಿ ಹುಟ್ಟಿ, ಒಂದೇ ಮೇವು ತಿಂದ ಕರುಗಳನ್ನು ಮಾತ್ರ. ಇಲ್ಲವಾದರೆ ಹೆಚ್ಚು ಹಿಂಡಿ ತಿಂದದ್ದೇ ಉತ್ತಮ ತಳಿ ಎನಿಸಿಬಿಡುತ್ತದೆ. ತಂದೆ-ತಾಯಿ, ಒಡಹುಟ್ಟುಗಳ ದಾಖಲೆಯನ್ನೂ ಸೇರಿಸಿ ಈ ಹೋರಿಯ ಕರುಗಳು ಹೇಗಿರಬಹುದೆಂದು ಅಂದಾಜಿಸುತ್ತಾರೆ. ಸ್ಕ್ಯಾನ್ ಮಾಡಿ ಚರ್ಮದಡಿಯ ಮಾಂಸ, ಕೊಬ್ಬನ್ನು ಅಳೆಯುತ್ತಾರೆ. ಪಶುವೈದ್ಯರು ಕಾಲು, ಗೊರಸು ನೋಡಿ, ವೀರ್ಯವನ್ನು ಪರೀಕ್ಷಿಸುತ್ತಾರೆ. ಎರಡು ವರ್ಷದ ಹೋರಿಗೆ ವೃಷಣದ ಸುತ್ತಳತೆ ಕನಿಷ್ಠ 34 ಸೆಂ.ಮೀ. ಇರಬೇಕೆಂಬುದು ಅವರ ಲೆಕ್ಕ. ಸಂತೆಗೆಂದು ಅತಿಯಾಗಿ ಕೊಬ್ಬಿಸಿದ ಹೋರಿಯಲ್ಲಿ ಸಂತಾನಶಕ್ತಿ ಕುಗ್ಗುವುದೂ ಉಂಟು. ಅದೇ ಕೊಬ್ಬು ನೋಡುವವನ ಕಣ್ಣಿಗೆ ಪುಷ್ಟಿಯಾಗಿ ಕಾಣುತ್ತದೆ.

ಇಲ್ಲಿ ಒಂದು ವಿಷಯ ನಮ್ಮ ಗಮನ ಸೆಳೆಯುತ್ತದೆ. ಒಂಟೆ, ಕುರಿಗಳನ್ನು ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಂತೆ ತೋರಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರು. ಹಾಗೆ ಮೋಸಹೋದವನಿಗೆ ಮೂರು ದಿನಗಳೊಳಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕು ಕೊಟ್ಟರು. ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕೆಂದೂ ಹೇಳಿದರು. ಮಾರುವವನ ಹಕ್ಕೂ ಅಲ್ಲಿ ಮರೆಯಾಗಲಿಲ್ಲ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡುಹಿಡಿದ ಘಟನೆಯೂ ನಿಮಗೆ ಗೊತ್ತಿರುವುದೇ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂಬುದೇ ಅವರ ಆಕ್ಷೇಪವಾಗಿತ್ತು.

ಸ್ಟರ್ಲಿಂಗ್‌ನ ತಕ್ಕಡಿ, ಸ್ಕ್ಯಾನರುಗಳು ಮಾಡುತ್ತಿರುವುದೂ ರಾಶಿಯೊಳಗೆ ಕೈಯಿಟ್ಟು ನೋಡುವ ಕೆಲಸವನ್ನೇ. ಆದರೆ ಯಂತ್ರ ಎಲ್ಲವನ್ನೂ ಹೇಳದು. ಹುಟ್ಟಿದಾಗಿನ ತೂಕವನ್ನು ಸರಿಯಾಗಿ ಬರೆದನೇ, ಸತ್ತು ಹುಟ್ಟಿದ ಕರುವನ್ನೂ ಲೆಕ್ಕಕ್ಕೆ ಹಿಡಿದನೇ ಎಂಬುದು ಸಾಕಿದವನಿಗೂ ಅವನ ಒಡೆಯನಾದ ಅಲ್ಲಾಹನಿಗೂ ಮಾತ್ರ ಗೊತ್ತು. ದಾಖಲೆಗೆ ಬೆಲೆ ಬರುವುದು ಬರೆದ ಕೈಯ ಪ್ರಾಮಾಣಿಕತೆಯಿಂದ.

ಬಕ್ರೀದ್ ಹತ್ತಿರವಾದಾಗ ನೀವೂ ಸಂತೆಯಲ್ಲಿ ಟಗರಿನ ಹಲ್ಲು ನೋಡುತ್ತೀರಿ, ಕುಂಟುತ್ತದೆಯೇ ಎಂದು ನಡೆಸಿ ನೋಡುತ್ತೀರಿ. ಅದು ಕೊಳ್ಳುವವರ ಎಚ್ಚರ. ಮುಂದೊಮ್ಮೆ ನಿಮ್ಮ ಕೊಟ್ಟಿಗೆಯ ಹಸುವನ್ನೋ ಆಡನ್ನೋ ಮಾರಬೇಕಾಗಿ ಬಂದರೆ, ಕೊಳ್ಳುವವರು ಕೇಳುವ ಮುನ್ನವೇ ಅದರ ಕುಂದನ್ನು ಹೇಳಿಬಿಡಿ. ಬೆಲೆ ಸ್ವಲ್ಪ ಇಳಿಯಬಹುದು. ಆದರೆ ಬರಕತ್ ಇರುವುದು ಆ ಹಣದಲ್ಲೇ.