ಕೇಳದೆ ಕದಲಬಾರದು

ನಮ್ಮ ತೋಟ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಒಳಗೆ. ಟಾರು ಮುಗಿದ ಮೇಲೆ ಜೇಡಿಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟುತ್ತಿದ್ದ ಹಾಗೇ ಎಡಕ್ಕೆ ತಿರುಗಿ ನಿಲ್ಲುವ ಏರು. ಬೇಸಿಗೆಯಲ್ಲಿ ಯಾವ ಗಾಡಿಯಾದರೂ ಮನೆ ಬಾಗಿಲಿಗೆ ಬರುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಫೋರ್ ವೀಲ್ ಇಲ್ಲದ ಗಾಡಿಗೆ ಹಳ್ಳದಾಚೆ ಕೆಲಸವಿಲ್ಲ. ರೇಷನ್ನು, ಗೊಬ್ಬರ, ಕೆಲಸದವರ ಲೈನ್ ಮನೆ ಮಕ್ಕಳ ಶಾಲೆ, ರಾತ್ರಿ ಹೊತ್ತು ಹುಷಾರು ತಪ್ಪಿದವರ ಆಸ್ಪತ್ರೆ, ಎಲ್ಲದಕ್ಕೂ ಇರುವುದು ಒಂದೇ ಹಳೆಯ ಡೀಸೆಲ್ ಜೀಪು. ಅದರ ಟ್ರಾನ್ಸ್‌ಫರ್ ಕೇಸಿನ ಹೌಸಿಂಗ್ ಒಂದು ದಿನ ಬಂಡೆಗೆ ತಾಗಿ ಸೀಳಿತು. ಆಯಿಲೆಲ್ಲ ಸುರಿದುಹೋಗಿ ಒಳಗಿನ ಚೈನು, ಬೇರಿಂಗು ಒಂದೂ ಉಳಿಯಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನ ಬೆನ್ನಿಗೆ ಕೂರುವ ಇನ್ನೊಂದು ಪೆಟ್ಟಿಗೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕಷ್ಟೇ ಹೋಗಬೇಕೋ, ಮುಂದಿನದಕ್ಕೂ ಹೋಗಬೇಕೋ ಎನ್ನುವುದು ನಿರ್ಧಾರವಾಗುವುದು ಅಲ್ಲಿ. ಟೂ ಹೈ, ಫೋರ್ ಹೈ, ಕೊನೆಗೆ ಫೋರ್ ಲೋ. ಲೋಗೆ ಹಾಕಿದರೆ ಗಾಡಿ ಸುಮಾರು ಎರಡೂವರೆ ಪಟ್ಟು ನಿಧಾನ, ಎಳೆಯುವ ಬಲ ಅಷ್ಟೇ ಪಟ್ಟು ಜಾಸ್ತಿ. ಹೈಗೂ ಲೋಗೂ ನಡುವೆ ನ್ಯೂಟ್ರಲ್ ಇದೆ. ಈ ನ್ಯೂಟ್ರಲ್ ಗೇರ್‌ಬಾಕ್ಸಿನ ನ್ಯೂಟ್ರಲ್ ಅಲ್ಲ. ಟ್ರಾನ್ಸ್‌ಫರ್ ಕೇಸು ಇಲ್ಲಿ ನಿಂತರೆ ಎಂಜಿನ್ನಿಗೂ ನಾಲ್ಕು ಚಕ್ರಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಗಾಡಿಯನ್ನು ಫಸ್ಟ್ ಗೇರಿನಲ್ಲಿಟ್ಟು ಎಂಜಿನ್ ಆಫ್ ಮಾಡಿದ್ದೇನೆ, ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದು ನಂಬಿದರೆ ಅದು ಉರುಳುತ್ತದೆ. ಬಯಲುಸೀಮೆಯಲ್ಲಿ ಇದು ದೊಡ್ಡ ಸಂಗತಿಯಲ್ಲ. ನಮ್ಮಲ್ಲಿ ಇದು ಜೀವದ ಪ್ರಶ್ನೆ.

ನಮ್ಮ ಜೀಪಿನದು ಕೈಯಲ್ಲಿ ಎಳೆಯುವ ಲಿವರಿನ ಕೇಸು. ಅಂಥದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗಲಿಲ್ಲ, ಶಿವಾಜಿನಗರದ ಗುಜರಿಯಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಅದೇ ಅಳತೆಯ, ಬೋಲ್ಟಿನ ತೂತು ಕೂಡ ಹೊಂದುವ, ಆದರೆ ವಿದ್ಯುತ್ತಿನಿಂದ ಗೇರು ಬದಲಿಸುವ ಕೇಸು. ಮಗುಚಿಬಿದ್ದ ಯಾವುದೋ ಗಾಡಿಯಿಂದ ಬಿಚ್ಚಿದ್ದು. ವೈರಿಂಗ್ ಕತ್ತರಿಸಿಹೋಗಿತ್ತು, ಅದನ್ನು ಆಡಿಸುವ ಕಂಟ್ರೋಲರ್ ಇರಲಿಲ್ಲ. ಕಂಪನಿ ಕಂಟ್ರೋಲರ್ ಹುಡುಕಿ ತಂದರೂ ಅದು ತನ್ನ ಗಾಡಿಯ ಸೆನ್ಸರ್‌ಗಳ ಸಿಗ್ನಲ್ ಕೇಳುತ್ತದೆ. ನಮ್ಮ ಜೀಪಿನಲ್ಲಿ ಅವು ಯಾವುವೂ ಇಲ್ಲ.

ತಂದು ಬೆಂಚಿನ ಮೇಲಿಟ್ಟು ಮೋಟರ್ ಬಿಚ್ಚಿ ನೋಡಿದೆ. ಒಳಗೊಂದು ಡಿಸಿ ಮೋಟರ್, ಅದಕ್ಕೆ ವರ್ಮ್ ಗೇರು. ಮೋಟರ್ ತಿರುಗಿದರೆ ಮೂರು ಮೂಲೆಯ ಒಂದು ಶಾಫ್ಟು ತಿರುಗುತ್ತದೆ, ಶಾಫ್ಟಿನ ಕ್ಯಾಮು ಗೇರು ಬದಲಿಸುವ ಫೋರ್ಕನ್ನು ಸರಿಸುತ್ತದೆ. ನಡುವೆ ಬಲವಾದ ಒಂದು ಸ್ಪ್ರಿಂಗು. ಗೇರಿನ ಹಲ್ಲು ಹಲ್ಲಿಗೆ ಹೊಂದದೆ ನಿಂತಾಗ ಮೋಟರ್ ಮುಂದೆ ಹೋಗಿ ಸ್ಪ್ರಿಂಗನ್ನು ಸುತ್ತಿಟ್ಟು ನಿಲ್ಲುತ್ತದೆ. ಹಲ್ಲು ಹೊಂದಿದ ಕ್ಷಣ ಸ್ಪ್ರಿಂಗು ಫೋರ್ಕನ್ನು ತಳ್ಳುತ್ತದೆ. ಶಾಫ್ಟು ಎಲ್ಲಿದೆ ಎಂದು ಹೇಳಲು ಒಂದು ದುಂಡನೆ ತಟ್ಟೆ, ಅದರ ಮೇಲೆ ತಾಮ್ರದ ಪಟ್ಟಿಗಳು, ಪಟ್ಟಿಗಳ ಮೇಲೆ ಉಜ್ಜುವ ಸಣ್ಣ ಬ್ರಷ್‌ಗಳು. ನಾಲ್ಕು ತಂತಿ ಹೊರಗೆ ಬರುತ್ತವೆ. ಯಾವ ತಂತಿ ಅರ್ತ್‌ಗೆ ತಾಗಿದೆ, ಯಾವುದು ತಾಗಿಲ್ಲ ಎನ್ನುವುದರ ಮೇಲೆ ಟೂ ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ ಎಂದು ತಿಳಿಯಬೇಕು. ಗಟ್ಟಿಮುಟ್ಟಾದ ವಿನ್ಯಾಸ. ನನಗೆ ಅದರ ಮೇಲೆ ಈಗಲೂ ಗೌರವವಿದೆ.

ಕೊಯ್ಲಿನ ಕಾಲ. ನನಗೆ ಪುರುಸೊತ್ತಿರಲಿಲ್ಲ. ಇಂಥ ಕೇಸುಗಳಿಗೆ ಕಂಟ್ರೋಲರ್ ಮಾಡಿಕೊಡುವವರೊಬ್ಬರಿಂದ ಒಂದು ಪೆಟ್ಟಿಗೆ ತರಿಸಿ ಹಾಕಿಸಿದೆ. ಡ್ಯಾಶಿನ ಮೇಲೊಂದು ತಿರುಗುವ ಗುಂಡಿ. ಫೋರ್ ಹೈ ಎಂದರೆ ಫೋರ್ ಹೈ, ಲೋ ಎಂದರೆ ಲೋ. ಬೇಸಿಗೆಯುದ್ದಕ್ಕೂ ಒಂದು ದಿನವೂ ತೊಂದರೆ ಕೊಡಲಿಲ್ಲ. ಕಾಫಿ ಮೂಟೆ ಹೊತ್ತು ಕಣಕ್ಕೆ, ಕಣದಿಂದ ಊರಿಗೆ ಓಡಾಡಿತು.

ಪುಷ್ಯ ಮಳೆ ಜಡಿಯುತ್ತಿದ್ದ ಒಂದು ರಾತ್ರಿ ಲೈನಿನ ಒಬ್ಬ ಹೆಂಗಸಿಗೆ ಹೊಟ್ಟೆನೋವು ತಡೆಯಲಾರದಷ್ಟಾಯಿತು. ಅವರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ಮೂಡಿಗೆರೆಗೆ ಹೋಗಿ ಸೇರಿಸಿದೆವು. ಬರುವಾಗ ಗಾಡಿಯಲ್ಲಿ ನಾನು ಮತ್ತು ಡ್ರೈವರ್ ಇಬ್ಬರೇ. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಹಳ್ಳದಲ್ಲಿ ನೀರು ಏರಿತ್ತು, ಆದರೆ ದಾಟುವಷ್ಟಿತ್ತು. ಫೋರ್ ಹೈ, ಫಸ್ಟ್ ಗೇರು. ನೀರು ಬಿಟ್ಟು ಎಡಕ್ಕೆ ತಿರುಗಿ ಏರು ಹತ್ತಿದೆವು. ಅರ್ಧ ಏರಿನಲ್ಲಿ ಅಡ್ಡ ಬಿದ್ದಿದ್ದ ಕೊಂಬೆ ಕಂಡು ಕ್ಲಚ್ ಒತ್ತಿ ಬ್ರೇಕ್ ಹಿಡಿದೆ. ಗಾಡಿಯ ಕೆಳಗಿನಿಂದ 'ಗುರ್‌' ಎಂದು ಮೋಟರ್ ತಿರುಗಿದ ಸದ್ದು ಕೇಳಿತು. ಗುಂಡಿಯನ್ನು ಇಬ್ಬರೂ ಮುಟ್ಟಿರಲಿಲ್ಲ.

ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಬೊಬ್ಬಿಟ್ಟಿತು, ಗಾಡಿ ಕದಲಲಿಲ್ಲ. ಆಮೇಲೆ ಹಿಂದಕ್ಕೆ ಕದಲಿತು. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಆಗಷ್ಟೇ ಹಳ್ಳದಲ್ಲಿ ನೆನೆದ ಡ್ರಮ್ಮುಗಳು ಹಿಡಿಯಲಿಲ್ಲ. ಹ್ಯಾಂಡ್‌ಬ್ರೇಕೂ ಅದೇ ಹಿಂದಿನ ಡ್ರಮ್ಮುಗಳ ಮೇಲೆ ಕೆಲಸ ಮಾಡುವಂಥದ್ದು. ಕೆಸರಿನಲ್ಲಿ ಜೀಪು ಹಿಂದಕ್ಕೆ ಜಾರುತ್ತ ಹೋಯಿತು. ಹಿಂದೆ ತಿರುವು, ತಿರುವಿನಾಚೆ ಹಳ್ಳದ ಪಾತಳಿ. ಡ್ರೈವರ್ ಹಾರಿ ಇಳಿದು ದಾರಿ ಬದಿಯ ಕಲ್ಲೊಂದನ್ನು ಎತ್ತಿ ಚಕ್ರದ ಹಿಂದೆ ಹಾಕಿದ. ಚಕ್ರ ಅದನ್ನು ಕೆಸರಿಗೆ ಒತ್ತಿ ಹತ್ತಿತು. ಇನ್ನೊಂದು ಹಾಕಿದ. ನಾನು ಸ್ಟಿಯರಿಂಗ್ ತಿರುಚಿ ಹಿಂಭಾಗವನ್ನು ದರೆಗೆ ತಿರುಗಿಸಿದೆ. ಬಂಪರು ದರೆಯ ಮಣ್ಣಿಗೆ ಕುಕ್ಕಿ ನಿಂತಿತು. ಇಳಿದಾಗ ಕಾಲು ನಡುಗುತ್ತಿತ್ತು. ಹೋಗುವಾಗ ಇದೇ ಗಾಡಿಯಲ್ಲಿ ಐದು ಜನ, ಅದರಲ್ಲೊಬ್ಬರು ಮಲಗಿದ್ದವರು. ಆ ಯೋಚನೆ ಬಂದದ್ದೇ ಬಂದದ್ದು, ಇವತ್ತಿಗೂ ಪೂರ್ತಿ ಹೋಗಿಲ್ಲ.

ಎರಡೂ ಹಿಂದಿನ ಚಕ್ರಕ್ಕೆ ದಪ್ಪ ಕಲ್ಲು ಕೊಟ್ಟೆವು. ಕೀ ತಿರುಗಿಸಿದರೆ ಪೆಟ್ಟಿಗೆ ಮತ್ತೆ ಮೋಟರನ್ನು ಒಮ್ಮೆ ಆಕಡೆ ಒಮ್ಮೆ ಈಕಡೆ ಆಡಿಸುತ್ತಿತ್ತು. ಅದರ ಫ್ಯೂಸ್ ಕಿತ್ತೆ. ಡ್ರೈವರ್ ಟಾರ್ಚು ಹಿಡಿದ, ನಾನು ಕೆಸರಿನಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ತೆವಳಿ, ಮೋಟರಿನ ಬೋಲ್ಟು ಬಿಚ್ಚಿ, ಆ ಮೂರು ಮೂಲೆಯ ಶಾಫ್ಟನ್ನು ಲಾಕಿಂಗ್ ಪ್ಲೈಯರ್‌ನಿಂದ ಹಿಡಿದು ಲೋಗೆ ತಿರುಗಿಸಿದೆ. ಕತ್ತಿಗೂ ಸೊಂಟಕ್ಕೂ ಇಂಬಳ ಹತ್ತಿದ್ದು ಮನೆಗೆ ಬಂದ ಮೇಲೆಯೇ ಗೊತ್ತಾದದ್ದು.

ಮರುದಿನ ಮಳೆ ಬಿಡದಿದ್ದರೂ ಶೆಡ್ಡಿಗೆ ಗಾಡಿ ತಂದು ಹುಡುಕಲು ಕೂತೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನು, ತೋಟಕ್ಕೆ ಬಂದ ಮೇಲೆ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಗಿಂತ ಹೆಚ್ಚಿಗೆ ಆ ಓದನ್ನು ಬಳಸಿರಲಿಲ್ಲ. ಮೋಟರಿನ ಕನೆಕ್ಟರ್ ಬಿಚ್ಚಿದಾಗ ಒಳಗೆ ಕೆಂಪು ನೀರು. ಪಿನ್ನಿನಿಂದ ಪಿನ್ನಿಗೆ ಮೀಟರ್ ಹಿಡಿದರೆ, ಏನೂ ತೋರಿಸಬಾರದ ಕಡೆ ಹತ್ತು ಸಾವಿರ ಓಮ್‌ನ ಆಸುಪಾಸು ತೋರಿಸಿತು. ನಮ್ಮ ದಾರಿಯ ಕೆಸರುನೀರು ಅಷ್ಟು ಕರೆಂಟು ಬಿಡುತ್ತದೆ.

ಪೆಟ್ಟಿಗೆಯೊಳಗೆ ಇದ್ದದ್ದು ಆರ್ಡುಯಿನೊ ನ್ಯಾನೊ, ಅದರ ಚಿಪ್ಪು ಎಟಿಮೆಗಾ 328. ತಟ್ಟೆಯ ನಾಲ್ಕು ತಂತಿಗಳನ್ನು ನೇರ ಚಿಪ್ಪಿನ ಕಾಲುಗಳಿಗೆ ಕೊಟ್ಟು, ಅದರೊಳಗೇ ಇರುವ ಪುಲ್‌ಅಪ್ ರೆಸಿಸ್ಟರನ್ನು ನಂಬಲಾಗಿತ್ತು. ಆ ರೆಸಿಸ್ಟರ್ 20ರಿಂದ 50 ಕಿಲೋ ಓಮ್. ಅಂದರೆ ತಂತಿಯಲ್ಲಿ ಹರಿಯುವುದು ಕಾಲು ಮಿಲಿ ಆಂಪಿಯರ್‌ಗಿಂತ ಹೆಚ್ಚಿಲ್ಲ. ಇಷ್ಟು ತೆಳ್ಳಗಿನ ಕರೆಂಟನ್ನು ಕನೆಕ್ಟರಿನೊಳಗಿನ ಒಂದು ಹನಿ ಕೆಸರುನೀರು ಅರ್ತ್‌ಗೆ ಎಳೆದುಬಿಡುತ್ತದೆ. ತಾಗದ ತಂತಿ ತಾಗಿದಂತೆ ಕಾಣುತ್ತದೆ. ಇನ್ನೊಂದು ಕಡೆ, ತಾಮ್ರದ ಮೇಲೆ ಕಟ್ಟುವ ಕಿಲುಬನ್ನು ಭೇದಿಸಲೂ ಇಷ್ಟು ಕರೆಂಟಿಗೆ ಶಕ್ತಿಯಿಲ್ಲ. ತಾಗಿದ ತಂತಿ ತಾಗದಂತೆ ಕಾಣುತ್ತದೆ. ಒಣ ಬೆಂಚಿನ ಮೇಲೆ ಎರಡೂ ಕಾಣಿಸುವುದಿಲ್ಲ.

ಇದಕ್ಕಿಂತ ಭಯಂಕರವಾದದ್ದು ಪ್ರೋಗ್ರಾಮಿನಲ್ಲಿತ್ತು. ಗುಂಡಿ ಇರುವ ಜಾಗಕ್ಕೂ ಶಾಫ್ಟು ಇರುವ ಜಾಗಕ್ಕೂ ತಾಳೆಯಾಗದಿದ್ದರೆ ಪೆಟ್ಟಿಗೆ ತಾನಾಗಿಯೇ ಶಾಫ್ಟನ್ನು ಸರಿಮಾಡಲು ಹೊರಡುತ್ತಿತ್ತು. ಹಳ್ಳದ ನೀರು ಹೊಕ್ಕಿತು, ಫೋರ್ ಹೈ ಇದ್ದದ್ದು ಬೇರೇನೋ ಆಗಿ ಕಂಡಿತು, ಮೋಟರ್ ತಳ್ಳತೊಡಗಿತು. ಎಳೆತದಲ್ಲಿದ್ದ ಗೇರಿನ ಹಲ್ಲುಗಳು ಬಿಗಿಯಾಗಿ ಕಚ್ಚಿಕೊಂಡಿದ್ದರಿಂದ ಫೋರ್ಕು ಸರಿಸುವ ಸ್ಲೀವು ಜಾರಲಿಲ್ಲ, ಸ್ಪ್ರಿಂಗು ಮಾತ್ರ ಸುತ್ತಿಕೊಂಡಿತು. ನಾನು ಕ್ಲಚ್ ಒತ್ತಿದೆ, ಹಲ್ಲಿನ ಮೇಲಿನ ಭಾರ ಹೋಯಿತು, ಸ್ಪ್ರಿಂಗು ಸ್ಲೀವನ್ನು ನ್ಯೂಟ್ರಲ್‌ಗೆ ಎಳೆದು ಬಿಸಾಡಿತು, ತಡೆಯಿಲ್ಲದೆ ಮೋಟರೂ ಓಡಿತು. ಕಡಿದಾದ ಏರಿನಲ್ಲಿ ಕ್ಲಚ್ ಒತ್ತುವ ಕ್ಷಣ, ಅಂದರೆ ಗಾಡಿಗೆ ಹಿಡಿತ ಎಲ್ಲಕ್ಕಿಂತ ಹೆಚ್ಚು ಬೇಕಾದ ಕ್ಷಣವೇ ಅದಕ್ಕೆ ಅನುಕೂಲವಾದ ಕ್ಷಣ.

ಆ ಪೆಟ್ಟಿಗೆಯನ್ನು ಮತ್ತೆ ಜೋಡಿಸಲಿಲ್ಲ. ಮಳೆಗಾಲ ಮುಗಿಯುವವರೆಗೂ ಗೇರು ಬದಲಿಸಬೇಕಾದಾಗಲೆಲ್ಲ ಗಾಡಿಯ ಕೆಳಗೆ ಮಲಗಿ ಪ್ಲೈಯರ್‌ನಲ್ಲಿ ತಿರುಗಿಸಿದೆವು. ಲೋನಲ್ಲೇ ಬಿಟ್ಟು ಟಾರಿಗೆ ಹೋಗುವಂತಿಲ್ಲ; ಮುಂದಿನ ಹಿಂದಿನ ಚಕ್ರಗಳು ಒಂದಕ್ಕೊಂದು ಕಟ್ಟಿಹಾಕಿಕೊಂಡಿರುವ ಇಂಥ ಕೇಸು ಗಟ್ಟಿ ನೆಲದ ತಿರುವಿನಲ್ಲಿ ತಿರುಚಿಕೊಂಡು ಇನ್ನೇನನ್ನಾದರೂ ಮುರಿಯುತ್ತದೆ. ಹೀಗಾಗಿ ಟಾರು ಶುರುವಾಗುವಲ್ಲಿ ಒಮ್ಮೆ, ವಾಪಸು ಬರುವಾಗ ಒಮ್ಮೆ ಕೆಸರಿನ ಸ್ನಾನ. ಶಾಲೆಯ ಮಕ್ಕಳು ಛತ್ರಿ ಹಿಡಿದು ಟಾರ್ಚು ಬಿಡುತ್ತಿದ್ದರು. ಬೆನ್ನು ಹಿಡಿದುಕೊಂಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆ ನಿದ್ದೆಗೆಟ್ಟ ರಾತ್ರಿಗಳಲ್ಲೇ ನಮ್ಮದೇ ಕಂಟ್ರೋಲರಿನ ನಕ್ಷೆ ಬರೆದದ್ದು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸಾಮಾನು ತಂದೆ. ತಟ್ಟೆಯ ಪ್ರತಿ ತಂತಿಯನ್ನೂ 1 ಕಿಲೋ ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಮೂಲಕ 12 ವೋಲ್ಟಿಗೆ ಎಳೆದುಕಟ್ಟಿದೆ. ಈಗ ತಂತಿಯಲ್ಲಿ 12 ಮಿಲಿ ಆಂಪಿಯರ್ ಹರಿಯುತ್ತದೆ. ಕೆಸರುನೀರು ಅದನ್ನು ಅಲುಗಿಸಲಾರದು, ಕಿಲುಬು ಅದನ್ನು ತಡೆಯಲಾರದು. ಚಿಪ್ಪಿಗೆ ಹೋಗುವ ಮೊದಲು ವೋಲ್ಟೇಜನ್ನು ಇಳಿಸಿ ಝೀನರ್ ಡಯೋಡಿನಿಂದ ಕಾವಲು ಹಾಕಿದೆ. ಪರೀಕ್ಷೆಗೆ ನಮ್ಮ ದಾರಿಯದೇ ಕೆಸರನ್ನು ಬಕೆಟ್ಟಿನಲ್ಲಿ ಕಲಸಿ ಕನೆಕ್ಟರನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ನಾಲ್ಕೂ ತಂತಿ ನಿಜವನ್ನೇ ಹೇಳುತ್ತಿದ್ದವು.

ಮೋಟರಿಗೆ ಎರಡು ರಿಲೇ. ಎರಡೂ ಸುಮ್ಮನಿರುವಾಗ ಮೋಟರಿನ ಎರಡು ತುದಿಯೂ ಅರ್ತ್‌ಗೆ ಸೇರಿರುತ್ತವೆ. ಹಾಗೆ ಸೇರಿಸಿದರೆ ತಿರುಗುತ್ತಿರುವ ಮೋಟರ್ ತನ್ನ ವೇಗದಿಂದಲೇ ತನಗೇ ಬ್ರೇಕು ಹಾಕಿಕೊಂಡು ಗುರಿ ದಾಟದೆ ನಿಲ್ಲುತ್ತದೆ. ಕರೆಂಟಿನ ಸೆನ್ಸರೊಂದು ಮೋಟರ್ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡುತ್ತದೆ. ಕೆಲವು ಸೆಕೆಂಡಿನೊಳಗೆ ಗುರಿ ಮುಟ್ಟದಿದ್ದರೆ ಹೊರಟ ಜಾಗಕ್ಕೆ ವಾಪಸು ಬರುತ್ತದೆ. ನ್ಯೂಟ್ರಲ್‌ನಲ್ಲಿ ನಿಲ್ಲುವುದು ಅದಕ್ಕೆ ನಿಷಿದ್ಧ. ಆದರೂ ನಿಂತರೆ ಡ್ಯಾಶಿನಲ್ಲಿ ಕಿವಿ ಕೊರೆಯುವ ಬಝರ್ ಕೂಗುತ್ತದೆ. ಅದನ್ನು ನಿಲ್ಲಿಸುವ ಸ್ವಿಚ್ ಇಟ್ಟಿಲ್ಲ.

ಅತಿ ಹೆಚ್ಚು ಕಾಡಿದ್ದು ಕರೆಂಟಿನ ಪೂರೈಕೆ. ಸ್ಟಾರ್ಟರ್ ತಿರುಗುವ ಹೊತ್ತಿಗೆ ನಮ್ಮ ಬ್ಯಾಟರಿ ಚಳಿಯ ಬೆಳಿಗ್ಗೆ 7 ವೋಲ್ಟಿಗೂ ಇಳಿಯುತ್ತಿತ್ತು. ಸಾಮಾನ್ಯ 7805 ರೆಗ್ಯುಲೇಟರಿಗೆ ಅಷ್ಟು ಸಾಲದು. ಚಿಪ್ಪು ಅರೆಪ್ರಜ್ಞೆಗೆ ಹೋಗಿ ಎದ್ದುಬರುತ್ತದೆ. ಅರೆಪ್ರಜ್ಞೆಯಲ್ಲಿ ರಿಲೇ ಒಂದು ಚೂರು ಮಿಡಿದರೂ ಶಾಫ್ಟು ಕದಲಬಹುದು. ಗಾಡಿಗಳಿಗೆಂದೇ ಮಾಡಿದ ಎಲ್‌ಎಂ 2940 ಹಾಕಿದೆ, ಚಿಪ್ಪಿನ ಬ್ರೌನ್‌ಔಟ್ ಕಾವಲನ್ನು ಎಚ್ಚರಗೊಳಿಸಿದೆ, ರಿಲೇಗಳ ಟ್ರಾನ್ಸಿಸ್ಟರುಗಳನ್ನು ಹೊರಗಿನ ರೆಸಿಸ್ಟರಿನಿಂದ ಅರ್ತ್‌ಗೆ ಕಟ್ಟಿದೆ. ಚಿಪ್ಪು ಸತ್ತರೂ ರಿಲೇ ಏಳುವಂತಿಲ್ಲ. ಬ್ಯಾಟರಿಯ ಟರ್ಮಿನಲ್ ಸಡಿಲವಾದರೆ ಆಲ್ಟರ್ನೇಟರಿನಿಂದ ನೂರು ವೋಲ್ಟಿನ ಹತ್ತಿರಕ್ಕೆ ಜಿಗಿಯುವ ಹೊಡೆತಕ್ಕೆ ಬೇರೆ ಡಯೋಡು.

ಕೊನೆಗೆ, ಆ ರಾತ್ರಿಯ ಕಾರಣಕ್ಕೆ ಬರೆದ ನಿಯಮ. ಮನುಷ್ಯ ಹೊಸದಾಗಿ ಗುಂಡಿ ತಿರುಗಿಸದೆ, ಕಾಲು ಕ್ಲಚ್ಚಿನ ಮೇಲಿರದೆ, ಮೋಟರಿಗೆ ಕರೆಂಟು ಹೋಗುವುದಿಲ್ಲ. ಲೋಗೆ ಹೋಗಲು ಇದರ ಜೊತೆಗೆ ಚಕ್ರ ನಿಂತಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಓದಿದ ಜಾಗ ಅರ್ಥವಾಗದಿದ್ದರೆ ಕಂಟ್ರೋಲರ್ ಏನೂ ಮಾಡದೆ ದೀಪ ಮಿನುಗಿಸಿ ಕಾಯುತ್ತದೆ. ಕ್ಲಚ್ಚಿನ ಸ್ವಿಚ್ಚನ್ನು ಪ್ರೋಗ್ರಾಮಿಗೆ ಮಾತ್ರ ಬಿಡದೆ, ರಿಲೇಯ ತಂತಿಯಲ್ಲೇ ಸೇರಿಸಿದ್ದೇನೆ. ಚಿಪ್ಪು ತಪ್ಪು ತಿಳಿದರೂ ಪೆಡಲ್ ಒತ್ತದೆ ರಿಲೇಗೆ ಜೀವವಿಲ್ಲ.

ಮುಂದಿನ ಮಳೆಗಾಲ ಪೂರ್ತಿ ಇದರ ಮೇಲೆ ಓಡಿಸಿದೆ. ಮೊದಮೊದಲು ಹಳ್ಳ ದಾಟುವಾಗ ಹೊಟ್ಟೆಯೊಳಗೆ ಗಂಟು ಬೀಳುತ್ತಿತ್ತು, ಆ ಏರಿನಲ್ಲಿ ಬೇಕೆಂದೇ ನಿಲ್ಲಿಸಿ ಕ್ಲಚ್ ಒತ್ತಿ ಕಿವಿಯಾನಿಸಿ ಕೂರುತ್ತಿದ್ದೆ. ಡ್ರೈವರ್ ಕಲ್ಲು ಹಿಡಿದು ಹಿಂದೆ ನಿಂತಿರುತ್ತಿದ್ದ. ಲೋಗೆ ಹೋಗುವಾಗ ಆಗಾಗ ಹಲ್ಲು ಹೊಂದದೆ ದೀಪ ಮಿನುಗುತ್ತದೆ. ಸಮತಟ್ಟಿನಲ್ಲಿ ಗಾಡಿಯನ್ನು ಒಂದಡಿ ಸರಿಸಿ ಮತ್ತೆ ತಿರುಗಿಸಿದರೆ ಬೀಳುತ್ತದೆ. ಅದಕ್ಕೇ ಈಗ ಹಳ್ಳಕ್ಕೆ ಇಳಿಯುವ ಮೊದಲೇ, ಮಟ್ಟಸ ಜಾಗದಲ್ಲಿ ಲೋ ಹಾಕಿಕೊಳ್ಳುತ್ತೇವೆ. ಎಲ್ಲರನ್ನೂ ಕೂರಿಸಿಕೊಂಡು ಹೋಗುವ ಧೈರ್ಯ ಬಂದದ್ದು ಆಶ್ಲೇಷ ಮಳೆಯೂ ಕಳೆದ ಮೇಲೆ.

ಮೋಟರ್ ಸುಟ್ಟರೆ, ತಂತಿ ಕಡಿದರೆ ಏನು ಮಾಡಬೇಕೆಂದು ಡ್ರೈವರ್‌ಗೂ ಲೈನಿನ ಇಬ್ಬರು ಹುಡುಗರಿಗೂ ಕಲಿಸಿದ್ದೇನೆ. ಸೀಟಿನ ಕೆಳಗೆ ಅಳತೆಯ ಸ್ಪ್ಯಾನರು, ಲಾಕಿಂಗ್ ಪ್ಲೈಯರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಾಳೆ ಇದೆ. ಶಾಫ್ಟನ್ನು ಯಾವ ಕಡೆಗೆ ತಿರುಗಿಸಿದರೆ ಯಾವ ಗೇರು ಎಂದು ಅದರಲ್ಲಿ ಚಿತ್ರ ಬರೆದಿದ್ದೇನೆ. ಚಿತ್ರದ ಮೇಲೆ, ಮೊದಲ ಸಾಲು, ಕೆಂಪು ಶಾಯಿಯಲ್ಲಿ: ಎರಡೂ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಗಾಡಿಯ ಕೆಳಗೆ ಹೋಗಬೇಕು.