ಬಾಗ್ದಾದಿನ ರಾಜಕುಮಾರ, ರೇಡಿಯೋ ಡಾಕ್ಟರರ ಭಾವಿ ಅಳಿಯ!

ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು ಯಾರಿಗೆ ಗೊತ್ತಿಲ್ಲ? ಆನೆಯ ಬೆನ್ನಿಂದ ಇಳಿದು ನೇರವಾಗಿ ಬೆಳ್ಳಿತೆರೆಗೆ ಹತ್ತಿದ ಹುಡುಗ. 1937ರಲ್ಲಿ ‘ಎಲಿಫೆಂಟ್ ಬಾಯ್’, 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’. ಸರಿ, ಆ ಬಾಗ್ದಾದ್ ಚಿತ್ರದ ನಾಯಕ ಯಾರು ಹೇಳಿ ನೋಡೋಣ? “ಇನ್ಯಾರು, ಸಾಬು!” ಅಂತೀರಿ.

ಅಲ್ಲ ಸ್ವಾಮಿ! ಸಾಬು ಆ ಚಿತ್ರದಲ್ಲಿ ಕಳ್ಳ. ರಾಜಕುಮಾರಿಯನ್ನು ಪ್ರೀತಿಸಿ, ಮಾಂತ್ರಿಕ ಜಾಫರನಿಂದ ಕಣ್ಣು ಕಳೆದುಕೊಂಡು, ಕೊನೆಗೆ ಅವಳನ್ನೇ ಪಡೆಯುವ ರಾಜಕುಮಾರ ಅಹ್ಮದ್ ಬೇರೆ. ಆ ಪಾತ್ರಧಾರಿಯ ಹೆಸರು ಜಾನ್ ಜಸ್ಟಿನ್.

ಮೈಸೂರಿನಲ್ಲಿ ಓದುತ್ತಿದ್ದಾಗ ಒಂದು ಭಾನುವಾರದ ಬೆಳಗಿನ ಆಟಕ್ಕೆ ಈ ಹಳೇ ಚಿತ್ರ ಬಂದಿತ್ತು. ಗಾಂಧಿ ಕ್ಲಾಸಿನಲ್ಲಿ ಕೂತಿದ್ದೆ. ಸಾಬು ಬಂದರೆ ಶಿಳ್ಳೆಯೋ ಶಿಳ್ಳೆ! ನಮ್ಮೂರ ಹುಡುಗ ಅಲ್ವೇ! ರಾಜಕುಮಾರ ಬಂದು ಪ್ರೇಮದ ಮಾತು ಶುರು ಮಾಡಿದರೆ ಮಾತ್ರ ಜನ ಬೀಡಿ ಹಚ್ಚಲು ಎದ್ದು ಹೋಗುತ್ತಿದ್ದರು. ಪಾಪ, ಅಷ್ಟು ಚೆಲುವ, ಅಷ್ಟು ಒಳ್ಳೇ ಕಂಠ... ಒಬ್ಬ ಪುಣ್ಯಾತ್ಮನೂ ಅವನಿಗಾಗಿ ಚಪ್ಪಾಳೆ ತಟ್ಟಲಿಲ್ಲ.

ಈ ಜಾನ್ ಜಸ್ಟಿನ್ ಹೆಸರು ಎಷ್ಟೋ ವರ್ಷಗಳ ಮೇಲೆ ಮತ್ತೆ ನನ್ನ ಕಣ್ಣಿಗೆ ಬಿತ್ತು. ಎಲ್ಲಿ ಅಂತೀರಿ? ಇಂಗ್ಲೆಂಡಿನ ಒಂದು ರೇಡಿಯೋ ಧಾರಾವಾಹಿಯ ಕಟ್ಟಕಡೆಯ ಕಂತಿನ ವಿವರದಲ್ಲಿ! ಅದೂ ಮದುಮಗನಾಗಿ!

ಧಾರಾವಾಹಿಯ ಹೆಸರು ‘ಮಿಸೆಸ್ ಡೇಲ್ಸ್ ಡೈರಿ’. 1948ರ ಜನವರಿ 5ರಂದು ಬಿಬಿಸಿಯಲ್ಲಿ ಶುರುವಾಯಿತು. ಲಂಡನ್ನಿನ ಹೊರಬಡಾವಣೆ ಪಾರ್ಕ್‌ವುಡ್ ಹಿಲ್. ಅಲ್ಲೊಂದು ಮನೆ, ವರ್ಜೀನಿಯಾ ಲಾಡ್ಜ್. ಎರಡೂ ಕಲ್ಪನೆಯವೇ. ಆ ಮನೆಯಲ್ಲಿ ಡಾಕ್ಟರ್ ಜಿಮ್ ಡೇಲ್, ಅವರ ಹೆಂಡತಿ ಮೇರಿ, ಮಗ ಬಾಬ್, ಮಗಳು ಗ್ವೆನ್. ಹೆಂಡತಿ ತನ್ನ ದಿನಚರಿ ಓದಿದಂತೆ ಕಥೆ ನಡೆಯುತ್ತದೆ. ವಾರದ ದಿನಗಳಲ್ಲಿ ದಿನಕ್ಕೊಂದು ಕಂತು, ಒಂದೊಂದೂ ಹದಿನೈದೇ ನಿಮಿಷ. ಹಾಗೆ ಹಾಗೇ ಇಪ್ಪತ್ತೊಂದು ವರ್ಷ, 5000ಕ್ಕೂ ಹೆಚ್ಚು ಕಂತು!

ಡಾಕ್ಟರ ಮನೆ ಅಂದ್ರೆ ಆಪರೇಷನ್ನು, ರಕ್ತ, ಸೈರನ್ನು ಅಂದುಕೊಳ್ಳಬೇಡಿ. ಅಂಥದ್ದೆಲ್ಲ ಅಮೆರಿಕದವರ ಸೀರಿಯಲ್ಲಿನಲ್ಲಿ. ಇಲ್ಲಿ ಡಾಕ್ಟರಿಗಿಂತ ಡಾಕ್ಟರ ಹೆಂಡತಿಯೇ ಮುಖ್ಯ. ರಾತ್ರಿ ಯಾರೋ ಬಾಗಿಲು ಬಡಿದರೆ ಗಂಡ ಚೀಲ ಹಿಡಿದು ಹೊರಡುತ್ತಾನೆ. ಈಕೆ ಕಾಯುತ್ತಾ ಕೂರುತ್ತಾಳೆ. ಜಿಮ್ ಬಗ್ಗೆ ಈಕೆಗೆ ಯಾವಾಗಲೂ ಒಂದು ಚಿಂತೆ. ಅದೆಷ್ಟು ಸಲ ಅಂದರೆ, ಆ ಚಿಂತೆಯ ಮಾತು ಇಂಗ್ಲೆಂಡಿನಲ್ಲೆಲ್ಲ ನಗೆಚಾಟಿಕೆಯಾಯಿತು. ಇನ್ನೊಂದು ವಿಷಯ. ಧಾರಾವಾಹಿ ಶುರುವಾಗಿ ಸರಿಯಾಗಿ ಆರು ತಿಂಗಳಿಗೆ, 1948ರ ಜುಲೈ 5ಕ್ಕೆ, ಅಲ್ಲಿನ ಸರ್ಕಾರ ಎಲ್ಲರಿಗೂ ಪುಕ್ಕಟೆ ವೈದ್ಯ ಸೇವೆ ಜಾರಿಗೆ ತಂದಿತು. ಊರಿನ ಪ್ರತಿಯೊಬ್ಬರಿಗೂ ತಮ್ಮ ಹೆಸರು ಬರೆಸಿಕೊಂಡ ಒಬ್ಬ ಡಾಕ್ಟರು ಇರುವ ಕಾಲ ಬಂತು. ರೇಡಿಯೋ ಡಾಕ್ಟರು ಎಲ್ಲರ ಮನೆ ಡಾಕ್ಟರಾದದ್ದರಲ್ಲಿ ಆಶ್ಚರ್ಯವೇನು!

ಈಗ ನಿಜವಾದ ಕಥೆಗೆ ಬರೋಣ.

ಮೊದಲ ಹದಿನೈದು ವರ್ಷ ಮಿಸೆಸ್ ಡೇಲ್ ಆಗಿ ಮಾತಾಡಿದವಳು ಎಲಿಸ್ ಪೊವೆಲ್ ಎಂಬ ನಟಿ. ಆಕೆಯ ಮುಖ ಬೀದಿಯಲ್ಲಿ ಯಾರಿಗೂ ಗುರುತು ಸಿಗದು, ದನಿ ಮಾತ್ರ ಲಕ್ಷಾಂತರ ಮನೆಗಳಿಗೆ ಚಿರಪರಿಚಿತ.

ಇಲ್ಲಿ ನಮ್ಮ ದೊಡ್ಡಮ್ಮನ ಮಾತು ಹೇಳಲೇಬೇಕು. ಆಕಾಶವಾಣಿ ನಾಟಕ ಅಂದರೆ ಒಲೆಯ ಮೇಲಿನ ಸಾರು ಉಕ್ಕಿದರೂ ಗೊತ್ತಾಗದಷ್ಟು ಹುಚ್ಚು ಆಕೆಗೆ. ರೇಡಿಯೋದಲ್ಲಿ ಒಂದು ಹೆಂಗಸಿನ ದನಿ ಕೇಳಿದ ಕೂಡಲೇ, “ಆ ಯಮ್ಮ ಬಂದ್ಲು ನೋಡು, ಇನ್ನು ಅಳಿಸ್ತಾಳೆ” ಅನ್ನೋರು. “ಆಕೆ ಹೆಸರೇನು ದೊಡ್ಡಮ್ಮ?” ಅಂದ್ರೆ, “ಹೆಸರು ಕಟ್ಕೊಂಡು ನಂಗೇನೋ ಆಗ್ಬೇಕು? ದನಿ ಗೊತ್ತಲ್ಲ!” ಅನ್ನೋರು. ನಾಟಕ ಮುಗಿದ ಮೇಲೆ ಪಾತ್ರಧಾರಿಗಳ ಹೆಸರು ಓದುವ ಹೊತ್ತಿಗೆ ದೊಡ್ಡಮ್ಮ ಆಗಲೇ ಅಡಿಗೆ ಮನೆಯಲ್ಲಿ. ಸಿನಿಮಾ ತಾರೆಯಾದರೆ ಗೋಡೆ ತುಂಬ ಪೋಸ್ಟರು, ಕಟೌಟಿಗೆ ಹಾರ. ದನಿಗೆ ಯಾರು ಹಾರ ಹಾಕ್ತಾರೆ, ಎಲ್ಲಿಗೆ ಅಂತ ಹಾಕ್ತಾರೆ?

ಎಲಿಸ್ ಪೊವೆಲ್‌ಗೆ ಆದದ್ದೂ ಅದೇ. 1962ರಲ್ಲಿ ಬಿಬಿಸಿಯವರು ಧಾರಾವಾಹಿಗೆ ಹೊಸ ಬಟ್ಟೆ ತೊಡಿಸಲು ಹೊರಟರು. ಹೆಸರು ‘ದಿ ಡೇಲ್ಸ್’ ಅಂತ ಚಿಕ್ಕದಾಯಿತು. ಸಂಸಾರ ಹಳೇ ಮನೆ ಬಿಟ್ಟು ಎಕ್ಸ್‌ಟನ್ ಎಂಬ ಹೊಸ ಊರಿಗೆ ಹೋಯಿತು. 1963ರ ಆರಂಭದಲ್ಲಿ ಹಳೇ ಮಿಸೆಸ್ ಡೇಲ್‌ಳನ್ನೂ ಕೆಲಸದಿಂದ ತೆಗೆದರು. ಪಾತ್ರ ಸಾಯಲಿಲ್ಲ, ಕಾಣೆಯಾಗಲಿಲ್ಲ. ಅದೇ ಹೆಂಡತಿ, ಅದೇ ಗಂಡ, ದನಿ ಬೇರೆ, ಅಷ್ಟೆ! ತೆರೆಯ ಮೇಲೆ ನಾಯಕಿಯನ್ನು ಹೀಗೆ ನಡುವೆ ಬದಲಾಯಿಸಿದ್ದರೆ ನೀವು ಕುರ್ಚಿ ಮುರಿಯುತ್ತಿದ್ದಿರಿ. ರೇಡಿಯೋದಲ್ಲಿ ನಡೆದುಹೋಯಿತು.

ಕೆಲಸ ಹೋದ ಮೇಲೆ ಎಲಿಸ್ ಪೊವೆಲ್ ಗೃಹೋಪಯೋಗಿ ವಸ್ತುಗಳ ಪ್ರದರ್ಶನವೊಂದರಲ್ಲಿ ಸಾಮಾನು ತೋರಿಸಿ ವಿವರಿಸುವ ಕೆಲಸ ಮಾಡಿದಳು. ಒಂದು ಹೋಟೆಲಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸವನ್ನೂ ಮಾಡಿದಳು. ಮೂರೇ ತಿಂಗಳು. 1963ರ ಮೇ ತಿಂಗಳಲ್ಲಿ ತೀರಿಕೊಂಡಳು. ಹದಿನೈದು ವರ್ಷ ಜಿಮ್ ಬಗ್ಗೆ ಚಿಂತೆ ಮಾಡಿದ ಹೆಂಗಸಿನ ಬಗ್ಗೆ ಚಿಂತೆ ಮಾಡಲು ಯಾರೂ ಇರಲಿಲ್ಲವೇ? ನನಗಂತೂ ಇದನ್ನು ಓದಿದ ದಿನ ಊಟ ಸೇರಲಿಲ್ಲ.

ಆ ಜಾಗಕ್ಕೆ ಬಂದವಳು ಯಾರು ಗೊತ್ತೇ? ಜೆಸ್ಸಿ ಮ್ಯಾಥ್ಯೂಸ್! 1930ರ ದಶಕದ ಇಂಗ್ಲಿಷ್ ಚಿತ್ರರಂಗದ ಮಹಾರಾಣಿ. ಲಂಡನ್ನಿನ ಸೋಹೋ ಗಲ್ಲಿಯ ತರಕಾರಿ ಮಾರುವವನ ಮಗಳು. ಕುಣಿದರೆ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬರಬೇಕು. 1934ರ ‘ಎವರ್‌ಗ್ರೀನ್’ ಆಕೆಯ ಕಿರೀಟ. ಅದೇ ವರ್ಷ ಹಿಚ್‌ಕಾಕ್ ನಿರ್ದೇಶನದ ‘ವಾಲ್ಟ್ಸಸ್ ಫ್ರಂ ವಿಯೆನ್ನಾ’ದಲ್ಲೂ ಇದ್ದಳು. ಮಹಾಯುದ್ಧದ ಹೊತ್ತಿಗೆ ಆ ವೈಭವವೆಲ್ಲ ಇಳಿದುಹೋಗಿತ್ತು. ಐವತ್ತಾರರ ವಯಸ್ಸಿನಲ್ಲಿ ಆಕೆಗೆ ಮತ್ತೆ ಅನ್ನ ಕೊಟ್ಟದ್ದು ಕ್ಯಾಮೆರಾ ಅಲ್ಲ, ಮೈಕು. ಕಾಲಿನಿಂದ ಹೆಸರು ಮಾಡಿದವಳು ಬರೀ ಕಂಠದಿಂದ ಆರು ವರ್ಷ ಡಾಕ್ಟರ ಹೆಂಡತಿಯಾಗಿ ಬದುಕಿದಳು. ಒಬ್ಬಳ ಅನ್ನ ಕಿತ್ತು ಇನ್ನೊಬ್ಬಳಿಗೆ ಬಡಿಸಿದರು ಅಂತ ಬೈಯೋಣ ಅಂದ್ರೆ, ಆ ಇನ್ನೊಬ್ಬಳೂ ಹಸಿದವಳೇ. ಚಿತ್ರರಂಗ ಆಕೆಯನ್ನು ಆಗಲೇ ಮರೆತಿತ್ತಲ್ಲ!

ಇನ್ನು ಕಡೆಯ ಕಂತು. 1969ರ ಏಪ್ರಿಲ್ 25, ಶುಕ್ರವಾರ. ಅಷ್ಟರಲ್ಲಿ ಧಾರಾವಾಹಿ ಬಿಬಿಸಿಯ ರೇಡಿಯೋ 2ರಲ್ಲಿ ಬರುತ್ತಿತ್ತು. ಇಪ್ಪತ್ತೊಂದು ವರ್ಷದ ಸಂಸಾರವನ್ನು ಹೇಗೆ ಮುಗಿಸುವುದು? ನಮ್ಮ ಸಿನಿಮಾದವರಾಗಿದ್ದರೆ ಡಾಕ್ಟರನ್ನು ಸಾಯಿಸಿ, ಹೆಂಡತಿ ಬಳೆ ಒಡೆದು, ಮಳೆ ಸುರಿಸಿಬಿಡುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ವಿಧವೆಯಾಗಿದ್ದ ಮಗಳು ಗ್ವೆನ್ ತನ್ನ ಮರುಮದುವೆಯ ನಿಶ್ಚಯವನ್ನು ತಿಳಿಸುತ್ತಾಳೆ. ವರ ಒಬ್ಬ ಪ್ರೊಫೆಸರ್. ಬರೀ ಪ್ರೊಫೆಸರ್ ಅಲ್ಲ, ಟೆಲಿವಿಷನ್ನಿನಲ್ಲಿ ಹೆಸರು ಮಾಡಿದ ಪ್ರೊಫೆಸರ್! ಆ ಪಾತ್ರಕ್ಕೆ ದನಿ ಕೊಟ್ಟವನೇ ನಮ್ಮ ಸಾಬುವಿನ ರಾಜಕುಮಾರ, ಜಾನ್ ಜಸ್ಟಿನ್.

ಬರೆದವರು ಬೇಕೆಂದೇ ಬರೆದರೋ, ತಾನಾಗಿ ಬಂತೋ, ನನಗಂತೂ ಇದು ಭಲೇ ಅನಿಸಿತು. ರೇಡಿಯೋ ಮನೆಯ ಮಗಳು ಕಡೆಗೆ ಟಿ.ವಿ.ಯವನ ಕೈಹಿಡಿದು ಹೊರಡುತ್ತಾಳೆ. ಹೊರಗೆ ನಿಜವಾಗಿ ಕೇಳುಗರು ಮಾಡುತ್ತಿದ್ದದ್ದೂ ಅದನ್ನೇ ತಾನೇ? ಹೆಣ್ಣು ಕೊಡುವ ಮನೆಯಲ್ಲಿ ತಾಯಿಯ ದನಿ 1934ರ ಮಹಾರಾಣಿಯದು, ಬೀಗರ ಕಡೆಯಿಂದ ದನಿ 1940ರ ಬಾಗ್ದಾದ್ ರಾಜಕುಮಾರನದು. ಬೆಳ್ಳಿತೆರೆಯ ಎರಡು ಹಳೇ ನಕ್ಷತ್ರಗಳು ಹೀಗೆ ಒಂದು ಮೈಕಿನ ಮುಂದೆ ಸಂಬಂಧ ಬೆಳೆಸಿದವು.

ಆ ಹೊತ್ತಿಗೆ ನಮ್ಮ ಕಾರಾಪುರದ ಹುಡುಗ ಇರಲಿಲ್ಲ. ಅಮೆರಿಕದ ಪ್ರಜೆಯಾಗಿ, ಯುದ್ಧ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತು ಪದಕ ಗೆದ್ದು, 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ಸತ್ತಿದ್ದ. ಮೂವತ್ತೊಂಬತ್ತೇ ವರ್ಷ. ಎಲಿಸ್ ಪೊವೆಲ್ ಸತ್ತದ್ದೂ ಅದೇ ವರ್ಷ. ಸಾಬುವಿನ ಮುಖವಾದರೂ ನಮಗೆ ಉಳಿದಿದೆ. ಚಿತ್ರ ಹಾಕಿದರೆ ಇವತ್ತೂ ಅವನು ಗಾಳಿಯಲ್ಲಿ ಚಾಪೆ ಹಾರಿಸಿಕೊಂಡು ನಗುತ್ತಾ ಹೋಗುತ್ತಾನೆ. ‘ಮಿಸೆಸ್ ಡೇಲ್ಸ್ ಡೈರಿ’ಯ ಅಷ್ಟೂ ಸಾವಿರ ಕಂತುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಜೆಸ್ಸಿ ಮ್ಯಾಥ್ಯೂಸ್‌ಗೆ 1970ರಲ್ಲಿ ಸರ್ಕಾರದ ಬಿರುದು ಬಂತು. 1981ರಲ್ಲಿ ತೀರಿಕೊಂಡಳು. ಜಾನ್ ಜಸ್ಟಿನ್ 2002ರವರೆಗೂ ಬದುಕಿದ್ದ. ಇನ್ನು ರೇಡಿಯೋ? ಶುಕ್ರವಾರ ಡೇಲ್ ಸಂಸಾರ ಬಾಗಿಲು ಹಾಕಿಕೊಂಡಿತು. ಮುಂದಿನ ಸೋಮವಾರ, ಏಪ್ರಿಲ್ 28ಕ್ಕೆ, ‘ವ್ಯಾಗನರ್ಸ್ ವಾಕ್’ ಅಂತ ಹೊಸ ಧಾರಾವಾಹಿ ಶುರುವಾಯಿತು. ಅದು 1980ರವರೆಗೆ ನಡೆಯಿತು.